ಜೋಡಿ ಹಾಕೀಯಾ?

ಮೊನ್ನೆ ಬೆಳಗ್ಗೆ ಬಿ.ಪಿ. ಮಾತ್ರೆ ತರಲು ಸಹನಾಳ ಸ್ಕೂಟಿಯ ಹಿಂದೆ ಕೂತೆ. ಅವಳು ಗಾಡಿ ಚಾಲೂ ಮಾಡಿದಳು. ಅದು ಗುರ್ ಎಂದ ತಕ್ಷಣ ನನ್ನ ಬಾಯಿ ನನ್ನನ್ನೂ ಕೇಳದೆ ಕೂಗಿಬಿಟ್ಟಿತು: "ಜೋಡಿ ಹಾಕೀಯಾ?"

ಎದುರು ಮನೆಯವರು ತುಳಸಿಗೆ ನೀರು ಹಾಕುತ್ತಿದ್ದರು. ಚೊಂಬು ಹಿಡಿದು ಹಾಗೇ ನಿಂತರು. "ಏನ್ರಿ ಅಮ್ಮಾ, ಮೊಮ್ಮಗಳಿಗೆ ಈಗ್ಲೇ ಜೋಡಿ ನೋಡಾಕ ಹತ್ತೀರೇನು?" ಎಂದು ನಕ್ಕರು. ಸಹನಾಳ ಕಿವಿ ಕೆಂಪಾಯಿತು. "ಅಜ್ಜಿ, ಸ್ಕೂಟಿಗೆ ಜೋಡಿ ಗೀಡಿ ಏನೂ ಇರಲ್ಲ ಅಂತ ಎಷ್ಟು ಸಲ ಹೇಳ್ಲಿ?" ಎಂದು ಗೊಣಗಿದಳು. ಆಮೇಲೆ ನಿಜಲಿಂಗಪ್ಪ ಬಡಾವಣೆಯ ಒಂದೊಂದು ರೋಡ್‌ಹಂಪಿನ ಮೇಲೂ ತನ್ನ ಸಿಟ್ಟು ತೀರಿಸಿಕೊಂಡಳು. ನನ್ನ ಸೊಂಟ ಸಂಜೆಯವರೆಗೂ ಅದನ್ನು ಮರೆಯಲಿಲ್ಲ.

ಇದು ಹೊಸದಲ್ಲ. ಆಟೋ ಹತ್ತಿದರೂ ಕೇಳುತ್ತೇನೆ. ಒಮ್ಮೆ ಹರಿಹರದ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಮೆಲ್ಲಗೆ ಕೇಳಿದ್ದೆ. ಅವರು ತಿರುಗಿ, "ಏನಮ್ಮಾ, ಇಲ್ಲೇ ಇಳೀಬೇಕಾ?" ಎಂದರು. ಇಲ್ಲ ಎಂದು ಹೇಳಲು ನಾಚಿಕೆಯಾಗಿ "ಹೂಂ" ಎಂದು ನಡುದಾರಿಯ ಬಾತಿ ಊರಿನಲ್ಲಿ ಇಳಿದುಬಿಟ್ಟೆ. ನನಗೆ ಬಾತಿಯಲ್ಲಿ ಏನೂ ಕೆಲಸವಿರಲಿಲ್ಲ. ಮುಂದಿನ ಬಸ್ಸು ಬರುವವರೆಗೆ, ಯಾರಾದರೂ ಯಾಕೆ ನಿಂತಿದ್ದೀ ಎಂದು ಕೇಳಿಯಾರು ಎಂಬ ಭಯದಲ್ಲಿ, ಒಂದು ಅಂಗಡಿಯ ಬಾಳೆಗೊನೆಯನ್ನೇ ನೋಡುತ್ತಾ ನಿಂತಿದ್ದೆ.

ನಾನು ಅಂಥವಳು. ತರಕಾರಿ ಗಾಡಿಯವನು ನಮ್ಮ ಗೇಟು ದಾಟಿ ನಾಲ್ಕು ಮನೆ ಮುಂದೆ ಹೋದ ಮೇಲೆ ನನ್ನ "ಏ ಅಪ್ಪಾ" ಗಂಟಲಿನಿಂದ ಹೊರಡುತ್ತದೆ. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುವಾಗ "ಬಂದೀನಿ ಸಾರ್" ಎನ್ನಲಾಗದೆ ಬರೀ ಕೈ ಎತ್ತುತ್ತಿದ್ದೆ. ಮೇಷ್ಟ್ರು ತಲೆ ಬಗ್ಗಿಸಿ ಹಾಜರಿ ಪುಸ್ತಕವನ್ನೇ ನೋಡುತ್ತಿದ್ದವರು. ದಿನಾ ಶಾಲೆಯಲ್ಲೇ ಇದ್ದ ನನಗೆ ಎಷ್ಟೋ ದಿನ ಗೈರುಹಾಜರಿ ಬಿತ್ತು. ಅಪ್ಪನನ್ನು ಕರೆಸಿ ಕೇಳಿದಾಗಲೂ ನಾನು ಕೈಯನ್ನೇ ಎತ್ತಿದೆ.

ಅಂಥವಳ ಬಾಯಲ್ಲಿ ಈ ಕೂಗು ಎಲ್ಲಿಂದ ಬಂತು ಎಂದು ಮೊಮ್ಮಕ್ಕಳು ನೀವಿಬ್ಬರೂ, ಸಹನಾ, ಚೇತನ್, ಒಂದು ದಿನವೂ ಕೇಳಲಿಲ್ಲ, ಬರೀ ನಕ್ಕಿರಿ. ಅದಕ್ಕೇ ಚೇತನ್‌ನ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಬರೆದಿಡುತ್ತಿದ್ದೇನೆ. ಹೇಳಲು ಕೂತರೆ ನೀವು ಫೋನು ನೋಡುತ್ತೀರಿ, ನನಗೆ ಮಾತು ನಿಂತುಹೋಗುತ್ತದೆ. ಹಾಳೆಗೆ ಫೋನು ಇಲ್ಲ.

ಟ್ರ್ಯಾಕ್ಟರಿಗೆ ಬಲಗಾಲ ಕಡೆ ಎರಡು ಬ್ರೇಕು ಪೆಡಲು ಇರುತ್ತವೆ. ನಿಮ್ಮಮ್ಮ ದಿನಾ ಓಡಿಸುವ ಗಾಡಿ, ಆದರೂ ನೀವು ಗಮನಿಸಿರಲಾರಿರಿ. ಒಂದು ಎಡಗಡೆಯ ದೊಡ್ಡ ಗಾಲಿಗೆ, ಇನ್ನೊಂದು ಬಲಗಡೆಯದಕ್ಕೆ. ಹೊಲದ ತುದಿಯಲ್ಲಿ ತಿರುಗಿಸುವಾಗ ಒಂದನ್ನೇ ಒತ್ತಿದರೆ ಆ ಕಡೆಯ ಗಾಲಿ ನಿಲ್ಲುತ್ತದೆ, ಅಷ್ಟು ದೊಡ್ಡ ಗಾಡಿ ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಹೊಲದಲ್ಲಿ ಅದು ಬೇಕು. ರೋಡಿನ ಮೇಲೆ ಜೋರಾಗಿ ಹೋಗುವಾಗ ಒಂದನ್ನೇ ಒತ್ತಿದರೆ ಮಾತ್ರ ಗಾಡಿ ಒಂದೇ ಕಡೆಗೆ ಎಳೆದುಕೊಂಡು ಮಗುಚುತ್ತದೆ. ಅದಕ್ಕೆಂದೇ ಎರಡು ಪೆಡಲನ್ನೂ ಕೂಡಿಸುವ ಒಂದು ಕಬ್ಬಿಣದ ಕೊಂಡಿ ಇರುತ್ತದೆ, ಬೆರಳುದ್ದದ್ದು. ರೋಡಿಗೆ ಹತ್ತುವ ಮುಂಚೆ ಅದನ್ನು ಹಾಕಬೇಕು, ಹೊಲಕ್ಕೆ ಇಳಿದ ಮೇಲೆ ತೆಗೆಯಬೇಕು. ನಿಮ್ಮಜ್ಜ ಎತ್ತು ಹೂಡಿ ಬೆಳೆದವರು. ಅವರ ಬಾಯಲ್ಲಿ ಅದು "ಜೋಡಿ ಹಾಕೋದು" ಆಯಿತು.

ನಮ್ಮ ಹದಡಿ ಊರಿನಲ್ಲಿ ಟ್ರ್ಯಾಕ್ಟರ್ ಇದ್ದವರು ಬೇರೆಯವರೂ ಇದ್ದರು. ನಿಮ್ಮಜ್ಜನ ಹಾಗೆ ಓಡಿಸುವವರನ್ನು ನಾನು ಕಾಣಲಿಲ್ಲ. ಗಂಡನೆಂದು ಹೇಳುತ್ತಿಲ್ಲ. ಟ್ರೇಲರಿನಲ್ಲಿ ಭತ್ತದ ಚೀಲಗಳ ಮೇಲೆ ಕೂತು ಎಷ್ಟೋ ಸಲ ಹರಿಹರದ ಮಿಲ್ಲಿಗೆ ಹೋಗಿದ್ದೇನೆ. ಚೀಲದ ಮೇಲೆ ಕೂರುವುದು ತಪ್ಪು, ಈಗ ನಿಮ್ಮಮ್ಮ ಯಾರನ್ನೂ ಕೂರಿಸುವುದಿಲ್ಲ. ಆಗ ನಮಗೆ ಅಷ್ಟು ತಿಳಿಯದು, ಕೂರುತ್ತಿದ್ದೆವು. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಅವರ ಬೆನ್ನು ಮತ್ತು ಟವೆಲು ಸುತ್ತಿದ ತಲೆ. ಆ ಬೆನ್ನು ನೋಡಿಯೇ ರೋಡು ಹೇಗಿದೆ ಎಂದು ಹೇಳಬಲ್ಲವಳಾಗಿದ್ದೆ. ಬಾತಿಯ ಇಳಿಜಾರಿನಲ್ಲಿ ಉಳಿದವರು ಡೀಸೆಲ್ ಉಳಿಯಲಿ ಎಂದು ಗೇರು ತೆಗೆದು ಜಾರಿಬಿಡುತ್ತಿದ್ದರು, ಟ್ರೇಲರು ಹಿಂದಿನಿಂದ ನೂಕುತ್ತಾ ಅವರನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಇವರು ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಹಾಕಿ, ಬಸುರಿ ಹೆಂಗಸು ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಿದ್ದರು. ಹಿಂದಿನ ಲಾರಿಯವನು ಹಾರ್ನು ಹೊಡೆದರೆ ಸಿಟ್ಟಾಗದೆ ಪಕ್ಕಕ್ಕೆ ಸರಿದು ಕೈ ಮುಂದೆ ಮಾಡಿ, "ಹೋಗಪ್ಪ ರಾಜ, ನೀನು ಮೊದ್ಲು ಹೋಗು" ಎನ್ನುತ್ತಿದ್ದರು. ಅವನಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದರೂ ಹೇಳುತ್ತಿದ್ದರು.

ಹೊಸ ಹೊಲಕ್ಕೆ ಗಾಡಿ ಇಳಿಸುವ ಮುಂಚೆ ಚಪ್ಪಲಿ ಬಿಟ್ಟು ಇಡೀ ಹೊಲ ನಡೆದು ಬರುತ್ತಿದ್ದರು. ಎಲ್ಲಿ ಗುಂಡಿ, ಎಲ್ಲಿ ಕಲ್ಲು, ಎಲ್ಲಿ ನೆಲ ಮೆತ್ತಗಿದೆ ಎಂದು ಕಾಲಿನಲ್ಲೇ ನೋಡಿಕೊಳ್ಳುವುದು. ಜನ ನಗುತ್ತಿದ್ದರು: "ಹೊಲ ಕೊಳ್ಳಾಕ ಬಂದೀಯೋ, ಹೂಡಾಕ ಬಂದೀಯೋ?"

ಜಾರಿದರೆ ನೇರ ದೊಡ್ಡ ಗಾಲಿಯ ಕೆಳಗೇ ಎಂದು ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂರಿಸುತ್ತಿರಲಿಲ್ಲ. ಎಲ್ಲರ ಟ್ರ್ಯಾಕ್ಟರಿನಲ್ಲೂ ಅದೇ ಗೌರವದ ಜಾಗ. ಊರಿನ ದೊಡ್ಡವರು ಪೇಟೆಗೆ ಹೋಗುವುದು ಅಲ್ಲಿ ಕೂತೇ. ಬೇಡ ಎಂದು ಹೇಳಿದರೆ ಸಂಬಂಧ ಕೆಡುತ್ತದೆ. ಅದಕ್ಕೆ ಇವರು ಒಂದು ಉಪಾಯ ಕಂಡುಕೊಂಡರು. ಎರಡೂ ಮಡ್‌ಗಾರ್ಡಿಗೆ ಗ್ರೀಸು ಸವರಿಬಿಟ್ಟರು. ಮೊದಲು ಸಿಕ್ಕಿಕೊಂಡವರು ನನ್ನ ಭಾವ, ಅಂದರೆ ನಿಮ್ಮಜ್ಜನ ಅಣ್ಣ, ನಿಮ್ಮ ದೊಡ್ಡಜ್ಜ. ಬಿಳೀ ಪಂಚೆ ಉಟ್ಟು ಒಂದು ಬೀಗರ ಮನೆಗೆ ಹೊರಟಿದ್ದವರು ಹಾರಿ ಕೂತರು. ಕೂತಷ್ಟೇ ಜೋರಾಗಿ ಎದ್ದರು. ಹಿಂದೆ ಕಪ್ಪಗೆ ದೊಡ್ಡ ಎರಡು ಚಂದ್ರ. "ಏನಲೇ ಇದು!" ಎಂದು ಅವರು ಕೂಗಿದರೆ, ಇವರು ಪಾಪದ ಮುಖ ಮಾಡಿ "ತುಕ್ಕು ಹಿಡೀಬಾರ್ದು ಅಂತ ಅಣ್ಣಾ" ಎಂದರು. ಭಾವ ಎಂಟು ದಿನ ತಮ್ಮನ ಹತ್ತಿರ ಮಾತು ಬಿಟ್ಟರು. ನಾನು ಬಾಗಿಲ ಹಿಂದೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು.

ಬಾಗಿಲ ಹಿಂದೆ ಯಾಕೆ ಎಂದರೆ, ನಾನು ಭಾವನ ಎದುರು ನಿಲ್ಲುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಗಂಡನ ಅಣ್ಣನ ಮುಂದೆ ತಲೆ ಮೇಲೆ ಸೆರಗು ಹೊದ್ದು ಪಕ್ಕಕ್ಕೆ ಸರಿಯಬೇಕು. ಏನಾದರೂ ಹೇಳಬೇಕಿದ್ದರೆ ಗೋಡೆಗೋ ಎಮ್ಮೆಗೋ ಹೇಳಿದ ಹಾಗೆ ಹೇಳಬೇಕು. ನನಗೇನೂ ಕಷ್ಟವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗಾಗಿಯೇ ಮಾಡಿದ ಪದ್ಧತಿಯಂತಿತ್ತು.

ನಾನೂ ಆ ಟ್ರ್ಯಾಕ್ಟರಿಗೆ ಒಂದು ಉಪಕಾರ ಮಾಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಕಬ್ಬಿಣದ ಸೀಟಿನ ಮೇಲೆ ಕೂತು ಅವರಿಗೆ ಸೊಂಟ ನೋಯುತ್ತದೆ ಎಂದು ಒಂದು ಮೆತ್ತೆ ಹೊಲಿದೆ. ಚೆನ್ನಾಗಿ ಕಾಣಲಿ ಎಂದು ನನ್ನ ಹಳೇ ರೇಷ್ಮೆ ಸೀರೆಯ ಸೆರಗನ್ನೇ ಮೇಲೆ ಹಾಕಿ, ಒಳಗೆ ಹತ್ತಿ ಗಟ್ಟಿಯಾಗಿ ತುಂಬಿ, ಲಾಡುವಿನಷ್ಟು ಮುದ್ದಾಗಿ ಮಾಡಿದ್ದೆ. ಅವರು ಅದರ ಮೇಲೆ ಕೂತು ಹೊಲದ ಬದು ಹತ್ತಿಸಿದ್ದೇ ತಡ, ರೇಷ್ಮೆಯ ಮೇಲೆ ಜಾರಿ ಜಾರಿ ಸ್ಟೇರಿಂಗಿನ ಕೆಳಗೆ ಹೋಗಿಬಿಟ್ಟರು. ಎತ್ತರ ಹೆಚ್ಚಾಗಿ ಕಾಲು ಕ್ಲಚ್ಚಿಗೆ ಎಟುಕುತ್ತಿಲ್ಲ. ಮನೆಗೆ ಬಂದು ನನ್ನನ್ನು ಬೈಯಲಿಲ್ಲ. "ಬಾಳ ಚಂದ ಐತೆ. ನಾನು ಕೂಡ್ರೋದಕ್ಕಿಂತ ಅದನ್ನ ದೇವರ ಮನ್ಯಾಗ ಇಡೋದು ಚಲೋ" ಎಂದರು. ಆಮೇಲೆ ಗೋಣಿತಾಟು ಹಾಕಿ, ತೆಳ್ಳಗೆ, ನಾಲ್ಕು ಮೂಲೆಗೂ ಕಟ್ಟುವ ಲಾಡಿ ಇಟ್ಟು ಇನ್ನೊಂದು ಹೊಲಿದೆ. ಕೊನೆಯವರೆಗೂ ಅದರ ಮೇಲೆಯೇ ಕೂತರು. ಮೈಗೆ ಸುಖ ಕೊಡುವುದು ಕಾಲಿಗೆ ಅಡ್ಡ ಬರಬಾರದು ಎಂದು ನನಗೆ ತಿಳಿದದ್ದು ಆ ರೇಷ್ಮೆ ಮೆತ್ತೆಯಿಂದ. ಅದು ಈಗಲೂ ಇದೆ. ಚೇತನ್ ಕ್ರಿಕೆಟ್ ನೋಡುವಾಗ ತಲೆಗೆ ಇಟ್ಟುಕೊಳ್ಳುತ್ತಾನಲ್ಲ, ಅದೇ.

ಇನ್ನು ಕೂಗಿನ ವಿಷಯ.

ಟ್ರ್ಯಾಕ್ಟರ್ ಬಂದ ಮೊದಲ ವರ್ಷ. ಭಾವನಿಗೆ ಅದನ್ನು ತಂದದ್ದೇ ಇಷ್ಟವಿರಲಿಲ್ಲ. "ನಾಲ್ಕು ಎತ್ತು ಇದ್ದಾವು, ಸಾಕು. ಆ ದೆವ್ವ ಯಾಕ? ಒಂದಿನ ನಿನ್ನ ತಗೊಂಡೇ ಹೋಗ್ತೈತೆ" ಎಂದು ಪಡಸಾಲೆಯಲ್ಲಿ ಕೂತು ಹೇಳುತ್ತಲೇ ಇದ್ದರು. ಒಂದು ಸಂಜೆ ನಾವಿಬ್ಬರೇ ಹೊಲದಿಂದ ಭತ್ತ ತುಂಬಿಕೊಂಡು ಹೊರಟೆವು. ನಾನು ಟ್ರೇಲರಿನಲ್ಲಿ ಚೀಲದ ಮೇಲೆ, ಮಡಿಲಲ್ಲಿ ಬುತ್ತಿಯ ಸ್ಟೀಲು ಕ್ಯಾರಿಯರು. ಅದು ನನ್ನ ಅತ್ತೆಯದು, ಮೂರು ಡಬ್ಬಿಯದು, ಅವರ ತವರಿನಿಂದ ಬಂದದ್ದು.

ಹೊಲ ದಾಟಿ ಚಾನಲ್ ಏರಿಯ, ಅಂದರೆ ಕಾಲುವೆ ದಂಡೆಯ, ರೋಡಿಗೆ ಹತ್ತಿದೆವು. ಚಾನಲ್ಲಿನಲ್ಲಿ ನೀರು ತುಂಬಿ ಹರಿಯುತ್ತಿತ್ತು. ಸ್ವಲ್ಪ ಮುಂದೆ ಒಂದು ಎಮ್ಮೆ ಅಡ್ಡ ಬಂತು. ಇವರು ಬ್ರೇಕು ಒತ್ತಿದರು. ಹೊಲದಿಂದ ಬಂದವರು, ಕೊಂಡಿ ಹಾಕಿರಲಿಲ್ಲ, ಕಾಲಿಗೆ ಸಿಕ್ಕಿದ್ದು ಒಂದೇ ಪೆಡಲು. ಗಾಡಿ ಗಕ್ಕನೆ ನೀರಿನ ಕಡೆ ತಿರುಗಿತು. ನನ್ನ ಕಣ್ಣಿಗೆ ಆಕಾಶ ಕಂಡಿತು, ಆಮೇಲೆ ನೀರು ಕಂಡಿತು, ಆಮೇಲೆ ಎಲ್ಲ ನಿಂತುಹೋಯಿತು. ಮುಂದಿನ ಒಂದು ಸಣ್ಣ ಗಾಲಿ ಏರಿಯ ಆಚೆ ಗಾಳಿಯಲ್ಲಿ ತಿರುಗುತ್ತಿತ್ತು. ನನ್ನ ಮಡಿಲಿನ ಕ್ಯಾರಿಯರು ಹಾರಿ ಚಾನಲ್ಲಿಗೆ ಬಿದ್ದು, ನಾವು ನೋಡುತ್ತಿದ್ದ ಹಾಗೇ ಒಂದಿಷ್ಟು ದೂರ ತೇಲಿ ಮುಳುಗಿತು. ಎಮ್ಮೆ ನಮ್ಮನ್ನು ನೋಡಿ, ತನಗೆ ಸಂಬಂಧವಿಲ್ಲವೆಂದು ಹೊರಟುಹೋಯಿತು.

ಇವರು ಇಂಜಿನು ಬಂದ್ ಮಾಡಿ ಇಳಿದರು. ಬಹಳ ಹೊತ್ತು ಬಗ್ಗಿ ಆ ಪೆಡಲುಗಳನ್ನೇ ನೋಡಿದರು. ಆಮೇಲೆ ಏರಿಯ ಮೇಲೆ ನನ್ನ ಪಕ್ಕದಲ್ಲಿ ಕೂತರು.

"ಮರೆತೆ" ಎಂದರು.

"ಹೋಗ್ಲಿ ಬಿಡ್ರಿ. ಇನ್ನೊಂದು ಸಲ ಮರೆಯಲ್ಲ."

"ಮರೀತೀನಿ," ಎಂದರು. "ಮರೆಯಲ್ಲ ಅಂತ ಅಂದ್ಕೊಂಡೋನೇ ಮರೆಯೋದು. ನೀನು ಕೇಳು. ರೋಡಿಗೆ ಹತ್ತೋ ಮುಂಚೆ ದಿನಾ ಕೇಳು, ಜೋಡಿ ಹಾಕೀರಾ ಅಂತ. ನಾನು ಹಾಕೀನಿ ಅನ್ನೋತನಕ ಬಿಡಬ್ಯಾಡ."

"ನಾಲ್ಕು ಜನ ಇರ್ತಾರೆ. ನಾನು ಹೆಂಗೆ ಕೂಗ್ಲಿ?"

"ಬಾಯಿಲೆ ಕೂಗು" ಎಂದರು. ಟವೆಲು ಕೊಡವಿ ಏಳುತ್ತಾ, "ಅಣ್ಣಗ ಮಾತ್ರ ಹೇಳಬ್ಯಾಡ" ಎಂದರು.

ಹೇಳಲಿಲ್ಲ. ಕ್ಯಾರಿಯರು ಎಲ್ಲಿ ಎಂದು ಅತ್ತೆ ಕೇಳಿದಾಗ ಎಲ್ಲೋ ಬಿಟ್ಟೆ ಎಂದೆ. "ತಲೀನೂ ಅಲ್ಲೇ ಬಿಟ್ಟು ಬರಬೇಕಿತ್ತು" ಎಂದರು ಅತ್ತೆ. ಆಮೇಲೆ ಬಂದವರಿಗೆಲ್ಲ, ಹೋದವರಿಗೆಲ್ಲ ಆ ಕ್ಯಾರಿಯರಿನ ಕಥೆ ಹೇಳಿದರು. ಯಾರ ಮದುವೆ ಮಾತು ಬಂದರೂ ಅದು ನನ್ನ ಕ್ಯಾರಿಯರಿಗೆ ಬಂದು ನಿಲ್ಲುತ್ತಿತ್ತು.

ಕೂಗುವುದು ಅಷ್ಟು ಸುಲಭವಾಗಲಿಲ್ಲ. ಮೊದಲು ಟ್ರೇಲರಿನ ಹಲಗೆಗೆ ಕುಡುಗೋಲಿನ ಹಿಡಿಯಿಂದ ಕುಟ್ಟಿ ನೋಡಿದೆ. ಇಂಜಿನ್ನಿನ ಸದ್ದಿನಲ್ಲಿ ಅವರಿಗೆ ಕೇಳಲಿಲ್ಲ. ಅವರು ರೋಡಿನ ಅಂಚಿಗೆ ಬಂದು ಗಾಡಿ ನಿಲ್ಲಿಸಿ ಸುಮ್ಮನೆ ಕೂತರು. ಹಿಂದೆ ತಿರುಗಲಿಲ್ಲ. ಹೊಲದ ಆಳುಗಳು ನೋಡುತ್ತಿದ್ದಾರೆ, ಹಿಂದಿನ ಗಾಡಿಯವರು ಕಾಯುತ್ತಿದ್ದಾರೆ, ಇವರು ಅಲ್ಲಾಡುತ್ತಿಲ್ಲ. ನಾನು ಕಣ್ಣು ಮುಚ್ಚಿ ಕೂಗಿಬಿಟ್ಟೆ, "ಜೋಡಿ ಹಾಕೀರಾ?" ಅವರು ಬಗ್ಗಿ ಕೊಂಡಿ ಹಾಕಿ, ಎರಡು ಸಲ ಪೆಡಲಿಗೆ ಒದ್ದು, "ಹಾಕೀನಿ" ಎಂದರು. ಗಾಡಿ ಹೊರಟಿತು.

ಅಲ್ಲಿಂದ ಮುಂದೆ ಊರಿಗೆಲ್ಲ ತಮಾಷೆ. "ಇವನ ಗಾಡಿಗೆ ಬ್ರೇಕು ಹೆಂಡ್ತಿ ಬಾಯಾಗ ಐತೆ" ಎಂದು ಒಬ್ಬರು. "ಆಯಮ್ಮ ಮೂಕಿ ಅಂದ್ಕೊಂಡಿದ್ದೆ, ಹಾರ್ನ್ ಇಟ್ಕೊಂಡಾಳ" ಎಂದು ಇನ್ನೊಬ್ಬರು. ನಾನು ಸೆರಗಿನೊಳಗೆ ಬೆವರುತ್ತಿದ್ದೆ. ಇವರು ಮಾತ್ರ ನಗುತ್ತಲೇ, "ಹೂಂನಪ್ಪ, ಕಂಪನಿ ಬ್ರೇಕು ಫೇಲಾಗ್ತೈತೆ, ಇದು ಆಗಲ್ಲ" ಎನ್ನುತ್ತಿದ್ದರು. ತಾವು ಒಮ್ಮೆ ಮರೆತದ್ದು ಯಾರಿಗೂ ಗೊತ್ತಾಗಬಾರದು ಎಂದವರು, ಹೆಂಡತಿಯನ್ನು ಕೇಳಿ ಗಾಡಿ ಹೊಡೆಯುತ್ತಾನೆ ಎಂದು ಊರೆಲ್ಲ ಆಡಿಕೊಂಡರೂ ಸಂತೋಷವಾಗಿದ್ದರು. ಇದನ್ನು ನಾನು ಈಗಲೂ ಯೋಚಿಸುತ್ತೇನೆ.

ವರ್ಷಗಳು ಹೋದವು. ಅವರ ಮೊಣಕಾಲು ಹಿಡಿದುಕೊಂಡ ಮೇಲೆ ಗಾಡಿ ಯಾರು ಓಡಿಸಬೇಕು ಎಂಬ ಮಾತು ಬಂತು. ನಿಮ್ಮಪ್ಪ ಕಾಲೇಜಿನ ಆಫೀಸಿನಲ್ಲಿ ಕುರ್ಚಿಯ ಮೇಲೆ ಸೊಗಸಾಗಿ ಕೂರುತ್ತಾನೆ, ಟ್ರ್ಯಾಕ್ಟರಿನ ಮೇಲೆ ಕೂತದ್ದು ಒಂದು ಸಲ. ಮುಂದೆ ಹೋಗಬೇಕೆಂದು ಗೇರು ಹಾಕಿ ಹಿಂದೆ ಹೋಗಿ ತಿಪ್ಪೆಯಲ್ಲಿ ನಿಂತ. ಆಗ ನಿಮ್ಮಮ್ಮ ರೇಣುಕಾ, "ಮಾವಾ, ನನಗ ಕಲಿಸ್ರಿ" ಎಂದಳು. ಅವರು ಕಲಿಸಿದರು. ಮೊದಲ ದಿನ ಚಾಲೂ ಮಾಡಲೂ ಬಿಡಲಿಲ್ಲ. ಹೊಲ ನಡೆದು ಬಾ ಎಂದರು. ಅವಳು ನಡೆದು ಬಂದಳು. ನಾನು ಅವಳ ಅಳತೆಗೆ ಬೆನ್ನಿಗೆ ಇಡುವ ಇನ್ನೊಂದು ಮೆತ್ತೆ ಹೊಲಿದೆ, ಅವಳ ಕಾಲು ಮೋಟು. ಗೋಣಿತಾಟಿನದೇ. ಲೈಸೆನ್ಸೂ ಮಾಡಿಸಿದಳು. ಹೊಲದಲ್ಲಿ ನೀರು ಕುಡಿದಷ್ಟು ಸಲೀಸಾಗಿ ಹೂಡುತ್ತಿದ್ದಳು. ಭತ್ತದ ಲೋಡು ಹಾಕಿಕೊಂಡು ರೋಡಿಗೆ ಮಾತ್ರ ಹತ್ತಿರಲಿಲ್ಲ. ಅಷ್ಟರಲ್ಲಿ ನಿಮ್ಮಜ್ಜ ಜಡ್ಡು ಬಿದ್ದು ಹೋದರು.

ಅವರು ಹೋದ ಮೇಲಿನ ಮೊದಲ ಸುಗ್ಗಿಗೆ ಭಾವ ಬಂದು ಪಡಸಾಲೆಯಲ್ಲಿ ಕೂತರು. ನಾನು ಬಾಗಿಲ ಹಿಂದೆ.

"ನೋಡವ್ವ ರೇಣುಕಾ, ಟ್ರ್ಯಾಕ್ಟರು ನಮ್ಮ ಕೊಟ್ಟಿಗೆಗೆ ಬರ್ಲಿ. ನಮ್ಮ ಹುಡುಗ್ರು ನಿಮ್ಮ ಹೊಲಾನೂ ಹೂಡಿ ಕೊಡ್ತಾರ. ಹೊಲದಾಗ ಆಡಿದ್ದು ಬ್ಯಾರೆ, ರೋಡು ಬ್ಯಾರೆ. ತಮ್ಮನ್ನ ಕಳಕಂಡೀನಿ, ಮತ್ತೊಂದು ಸಾವಿನ ಸುದ್ದಿ ಕೇಳಾಕ ನನ್ನ ಕೈಲಿ ಆಗಲ್ಲ."

ಅವರದು ಕೆಟ್ಟ ಮನಸ್ಸಲ್ಲ. ಹೆದರಿಕೆ. ಆದರೆ ಕೊಟ್ಟಿಗೆ ಬದಲಿಸಿದ ಗಾಡಿ ವಾಪಸು ಬರುವುದಿಲ್ಲ ಎಂದು ನಿಮ್ಮಮ್ಮನಿಗೂ ಗೊತ್ತು, ನನಗೂ ಗೊತ್ತು. ಆಮೇಲೆ ನಮ್ಮ ಹೊಲ ಯಾವಾಗ ಹೂಡಬೇಕು ಎಂಬುದನ್ನು ಬೇರೆಯವರು ಹೇಳುತ್ತಾರೆ. ಅವಳ ಕೈಗೆ ಬಂದಿದ್ದ ಆ ವಿದ್ಯೆ ಅಲ್ಲಿಗೆ ಮುಗಿಯುತ್ತದೆ.

"ದೊಡ್ಡಮಾವಾ, ಒಂದು ಲೋಡು ಹರಿಹರಕ್ಕೆ ಹಾಕಿ ಬರ್ತೀನಿ. ನೀವೇ ನಿಂತು ನೋಡ್ರಿ. ಒಂದು ತಪ್ಪು ಕಂಡ್ರೂ ಕೀಲಿ ನಾನೇ ತಂದು ನಿಮ್ಮ ಕೈಯಾಗ ಕೊಡ್ತೀನಿ."

"ಒಂದು ಅಂದ್ರೆ ಒಂದೇ."

"ಹೂಂರಿ."

ಮಾರನೇ ದಿನ ಬೆಳಗ್ಗೆ ಲೋಡು ತುಂಬಿತು. ಹೊಲದಿಂದ ಡಾಂಬರು ರೋಡಿಗೆ ಹತ್ತುವ ಜಾಗದಲ್ಲಿ ಭಾವ ಕೋಲು ಊರಿಕೊಂಡು ನಿಂತಿದ್ದರು. ಸುದ್ದಿ ತಿಳಿದು ಬಂದ ಏಳೆಂಟು ಗಂಡಸರು ಕೈ ಕಟ್ಟಿಕೊಂಡು ನಿಂತಿದ್ದರು. ನಾನು ಬೇವಿನ ಮರದ ಮರೆಯಲ್ಲಿದ್ದೆ. ರೇಣುಕಾ ತಲೆಗೆ ಮಾವನ ಟವೆಲನ್ನೇ ಸುತ್ತಿಕೊಂಡಿದ್ದಳು. ಸಣ್ಣ ಗೇರಿನಲ್ಲಿ, ಲೋಡು ಒಂದಿಷ್ಟೂ ಅಲುಗದ ಹಾಗೆ ಏರು ಹತ್ತಿಸಿದಳು. ಆ ಬೆನ್ನು ನನಗೆ ಗೊತ್ತಿದ್ದ ಬೆನ್ನಿನ ಹಾಗೇ ಇತ್ತು.

ಆದರೆ ಅವಳು ನಿಲ್ಲಿಸಲಿಲ್ಲ. ಮಾವ ಯಾವಾಗಲೂ ನಿಲ್ಲಿಸುತ್ತಿದ್ದ ಅಂಚನ್ನು ದಾಟಿ, ಅಷ್ಟು ಜನ ನೋಡುತ್ತಿದ್ದಾರೆಂಬ ಗಾಬರಿಯಲ್ಲಿ ನೇರ ರೋಡಿಗೆ ಹತ್ತಿಬಿಟ್ಟಳು. ಗೇರು ಬದಲಾಯಿಸಿದ ಸದ್ದು ಕೇಳಿತು.

ನಾನು ಒಂದು ಗಳಿಗೆ ಸುಮ್ಮನಿದ್ದೆ. ಇದನ್ನು ಬರೆಯದೆ ಬಿಡಬಾರದು. ರೋಡು ಖಾಲಿ ಇದೆ, ಏನೂ ಆಗಲಿಕ್ಕಿಲ್ಲ, ಇಲ್ಲಿರುವ ಗಂಡಸರಲ್ಲಿ ಒಬ್ಬರಿಗೂ ಕೊಂಡಿ ಹಾಕಿಲ್ಲವೆಂದು ಕಾಣುವುದಿಲ್ಲ. ನಾನು ಕೂಗಿದರೆ ಅದೇ ಅವಳ ತಪ್ಪು, ಅದೇ ಕೀಲಿ. ಸುಮ್ಮನಿದ್ದರೆ ಗಾಡಿ ಉಳಿಯುತ್ತದೆ. ಇಷ್ಟನ್ನೂ ಲೆಕ್ಕ ಹಾಕಿದೆ. ಹಾಕುತ್ತಿರುವಾಗಲೇ ಕಣ್ಣ ಮುಂದೆ ಆ ಕ್ಯಾರಿಯರು ತೇಲಿಹೋಯಿತು.

"ರೇಣುಕಾ! ಜೋಡಿ ಹಾಕೀಯಾ?"

ಹಕ್ಕಿ ಎದ್ದು ಹಾರಿದವಂತೆ, ಆಮೇಲೆ ಹೇಳಿದರು. ಮರದ ಮರೆಯಿಂದ ರೋಡಿನ ನಡುವೆ ಯಾವಾಗ ಬಂದೆನೋ ನನಗೆ ತಿಳಿಯದು. ಸೆರಗು ಹೆಗಲಿಗೆ ಜಾರಿತ್ತು. ಗಾಡಿ ನಿಧಾನವಾಗಿ ನಿಂತಿತು. ರೇಣುಕಾ ಬಗ್ಗಿ ಪೆಡಲು ನೋಡಿದಳು.

ಇಂಜಿನು ಬಂದ್ ಮಾಡಿದಳು. ಕೆಳಗೆ ಇಳಿದು, ಅಷ್ಟೂ ಜನರ ಮುಂದೆ ನಡೆದು ಬಂದು, ಭಾವನ ಮುಂದೆ ಕೀಲಿ ಹಿಡಿದಳು. "ತಪ್ಪಾತು ದೊಡ್ಡಮಾವಾ. ಬ್ರೇಕಿನ ಕೊಂಡಿ ಹಾಕೋದು ಮರೆತೀನಿ" ಎಂದಳು. ಅವಳು ಏನಾದರೂ ನೆಪ ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿಮ್ಮಮ್ಮ ಹೇಳಲಿಲ್ಲ.

ಭಾವ ಕೈ ಮುಂದೆ ಮಾಡಿದರು. "ನಾನು ಹೇಳಿರಲಿಲ್ಲೇನವ್ವ? ನನ್ನ ತಮ್ಮ ಇಷ್ಟು ವರ್ಷ ಹೊಡೆದ. ಒಂದಿನ ಮರೆತಿದ್ನಾ?"

"ಮರೆತಿದ್ರು, ಭಾವಾ."

ಯಾರೋ ಹೇಳಿದರು ಎಂದು ನಾನೇ ಸುತ್ತ ನೋಡಿದೆ. ಹೇಳಿದ್ದು ನಾನು. "ಈಯಮ್ಮಗ ಬೇರೆ ಮಾತೂ ಬರ್ತಾವಾ?" ಎಂದು ಗುಂಪಿನಲ್ಲಿ ಒಬ್ಬರು ಪಿಸುಗುಟ್ಟಿದ್ದು ಕೇಳಿಸಿತು. ಭಾವ ನನ್ನ ಕಡೆ ತಿರುಗಿದರು. ಅವರ ಮುಖವನ್ನು ನಾನು ನೇರವಾಗಿ ನೋಡಿದ್ದು ಆಗಲೇ. ನಿಮ್ಮಜ್ಜನ ಹಾಗೇ ಮೂಗು ಇದೆ ಎಂದು ಅಷ್ಟು ವರ್ಷವಾದ ಮೇಲೆ ಗೊತ್ತಾಯಿತು.

"ಗಾಡಿ ತಂದ ವರ್ಷ ಮರೆತಿದ್ರು. ಚಾನಲ್ ಏರಿ ಮ್ಯಾಲೆ. ಒಂದು ಗಾಲಿ ನೀರಿನ ಮ್ಯಾಲಿತ್ತು. ನಿಮಗ ಹೇಳಬ್ಯಾಡ ಅಂದಿದ್ರು. ಅವತ್ತಿಂದ್ಲೇ ನನ್ನ ಕೇಳಾಕ ಹಚ್ಚಿದ್ದು." ರೇಣುಕಾಳ ಪಕ್ಕಕ್ಕೆ ಹೋಗಿ ನಿಂತೆ. "ಅವರು ಮರೀತಿದ್ರು, ಕೇಳೋರು ಇದ್ರು. ಇವತ್ತು ನಾನು ಮೊದ್ಲೇ ಕೇಳಬೇಕಿತ್ತು. ತಪ್ಪು ನಂದು, ಅವಳದಲ್ಲ."

ಭಾವ ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಅದಕ್ಕೆ ಸೇರಿಸಿದೆ, "ಅತ್ತೆಯವರ ಕ್ಯಾರಿಯರು ಹೋಗಿದ್ದು ಆವಾಗ್ಲೇ."

ಅವರು ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ಅವ್ವನ ಕ್ಯಾರಿಯರಾ? ಮೂರು ಡಬ್ಬೀದು?"

"ಹೂಂರಿ."

"ಅವ್ವ ಸಾಯೋತನಕ ನಿನ್ನ ಬೈದ್ಲಲ್ಲ!"

"ಬೈದ್ರು."

ಭಾವ ಚಾನಲ್ಲಿನ ಕಡೆ ನೋಡುತ್ತಾ ನಿಂತರು. ಕಣ್ಣು ಒರೆಸಿಕೊಂಡರೋ, ಬೆವರು ಒರೆಸಿಕೊಂಡರೋ. ಆಮೇಲೆ ರೇಣುಕಾಳ ಕೈಯನ್ನು ಕೀಲಿ ಸಮೇತ ಹಿಂದಕ್ಕೆ ಸರಿಸಿದರು.

"ನನಗ್ಯಾಕ ಕೀಲಿ? ಕ್ಲಚ್ಚು ಯಾವ್ದು, ಬ್ರೇಕು ಯಾವ್ದು ಅಂತ್ಲೂ ನನಗ ಗೊತ್ತಿಲ್ಲ. ಆ ಕೊಂಡಿ ಎಲ್ಲೈತೆ, ತೋರ್ಸು."

ಅವಳು ತೋರಿಸಿದಳು. ಆ ವಯಸ್ಸಿನಲ್ಲಿ ಅವರು ಬಗ್ಗಿ, ತಮ್ಮನನ್ನು ಉಳಿಸಿದ್ದ ಆ ಬೆರಳುದ್ದದ ಕಬ್ಬಿಣವನ್ನು ಮುಟ್ಟಿ ನೋಡಿದರು. "ಹಾಕವ್ವ. ಒದ್ದು ನೋಡು. ಹೂಂ, ಹೋಗಿ ಬಾ."

ಮಧ್ಯಾಹ್ನ ಖಾಲಿ ಟ್ರೇಲರು ಹರಿಹರದಿಂದ ವಾಪಸು ಬರುವವರೆಗೂ ಭಾವ ಆ ಮರದ ಕೆಳಗಿನಿಂದ ಏಳಲಿಲ್ಲ. ನಾನು ಅವರಿಗೆ ಮಜ್ಜಿಗೆ ತಂದುಕೊಟ್ಟೆ, ಎಮ್ಮೆಗೆ ಹೇಳಿದ ಹಾಗಲ್ಲ, ಅವರಿಗೇ ಹೇಳಿ. ಈಗ ರೋಡಿಗೆ ಹತ್ತುವ ಕಡೆ ಅವರದೇ ಕಾವಲು. ನಿಮ್ಮಮ್ಮನ ಗಾಡಿ ಕಂಡರೆ ನನಗಿಂತ ಜೋರಾಗಿ ಕೂಗುತ್ತಾರೆ. ಅವಳು "ಹಾಕೀನಿ ದೊಡ್ಡಮಾವಾ" ಎನ್ನುವವರೆಗೂ ರೋಡಿಗೆ ಅಡ್ಡ ಹಿಡಿದ ಕೋಲು ತೆಗೆಯುವುದಿಲ್ಲ.

ನಿಮ್ಮಜ್ಜನಿಗೆ ಕೊಟ್ಟ ಮಾತನ್ನು ನಾನು ಮುರಿದೆ. ತಪ್ಪೋ ಸರಿಯೋ ಗೊತ್ತಿಲ್ಲ. ಎದುರಿಗೆ ಸಿಕ್ಕಿದಾಗ ಅವರನ್ನೇ ಕೇಳಿದರಾಯಿತು.

ನಿಮ್ಮ ಓದಿಗಾಗಿ ನಾನು ದಾವಣಗೆರೆಗೆ ಬಂದೆ. ಇಲ್ಲಿ ಕೇಳಲು ನನಗೆ ಯಾವ ಕೊಂಡಿಯೂ ಇಲ್ಲ. ಆದರೂ ಯಾರೋ ನನ್ನವರು ಗಾಡಿ ಚಾಲೂ ಮಾಡಿದರೆ ಬಾಯಿ ತಾನೇ ಕೂಗುತ್ತದೆ.

ಇಷ್ಟು ಬರೆದು ಮೊನ್ನೆ ರಾತ್ರಿ ನೋಟ್‌ಬುಕ್ಕನ್ನು ಟೀವಿಯ ಪಕ್ಕ ಇಟ್ಟಿದ್ದೆ. ನಿನ್ನೆ ಬೆಳಗ್ಗೆ ಅದು ಸೋಫಾದ ಮೇಲಿತ್ತು. ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ವಿಷಯ ಮಾತ್ರ ಮುಂದಕ್ಕೆ ಬರೆಯಬೇಕಾಯಿತು. ಸಹನಾ ಸ್ಕೂಟಿ ಚಾಲೂ ಮಾಡಿದಳು, ನಾನು ಹಿಂದೆ ಕೂತೆ. ಎದುರು ಮನೆಯವರು ಚೊಂಬು ಹಿಡಿದು ಅಲ್ಲೇ ಇದ್ದರು. ಮಗುವಿಗೆ ಅವಮಾನವಾಗಬಾರದು ಎಂದು ನಾನು ತುಟಿ ಕಚ್ಚಿಕೊಂಡು ಕೂತೆ. ಗಾಡಿ ಗುರ್ ಎನ್ನುತ್ತಿದೆ, ಹೊರಡುತ್ತಿಲ್ಲ.

"ಯಾಕವ್ವ, ಏನಾತು?"

"ಕೇಳಲ್ಲೇನು?" ಎಂದಳು, ಹಿಂದೆ ತಿರುಗದೆ.

"ಜೋಡಿ ಹಾಕೀಯಾ?" ಎಂದೆ.

ಅವಳು ತಲೆ ಬಗ್ಗಿಸಿದಳು. ಹೆಲ್ಮೆಟ್ಟಿನ ಪಟ್ಟಿಯ ಎರಡು ತುದಿಗಳೂ ಗಲ್ಲದ ಆಚೀಚೆ ಜೋತಾಡುತ್ತಿದ್ದವು. ಎರಡನ್ನೂ ಹಿಡಿದು ಟಕ್ ಎಂದು ಕೂಡಿಸಿದಳು. ಎರಡು ಸಲ ಎಳೆದು ನೋಡಿದಳು.

"ಹಾಕೀನಿ ಅಜ್ಜಿ" ಎಂದಳು, ಇಡೀ ಬೀದಿಗೆ ಕೇಳುವ ಹಾಗೆ.